ಮಾತಾಡದ ಮಾವ

ನಮ್ಮ ಭಾವನಿಗೆ ತಮ್ಮ ಕಣ್ಣಿನ ಮೇಲೆ ಅಪಾರ ವಿಶ್ವಾಸ. ದೃಷ್ಟಿ ಆರಕ್ಕೆ ಆರು ಎಂದು ಬೆಂಗಳೂರಿನ ವೈದ್ಯರು ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಆ ಕಣ್ಣುಗಳ ಸಮೇತ ಪುನರ್ವಸು ಮಳೆಯಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದರು.

ಮಧ್ಯರಾತ್ರಿ ಕರೆಂಟು ಇರಲಿಲ್ಲ. ಬಚ್ಚಲಿಗೆಂದು ಎದ್ದ ಭಾವನಿಗೆ ಜಗಲಿಯ ಮೂಲೆಯಲ್ಲಿ ಅಪ್ಪಯ್ಯ ನಿಂತದ್ದು ಕಂಡಿತು. "ಮಾವ, ನಿದ್ದೆ ಬರಲಿಲ್ಲವೇ?" ಎಂದರು. ಉತ್ತರವಿಲ್ಲ. "ಅಡಿಕೆಗೆ ಕೊಳೆರೋಗ ಬಂದಿದೆಯಂತೆ?" ಎಂದು ಮಾವನ ಪ್ರೀತಿಯ ವಿಷಯವನ್ನೇ ಎತ್ತಿದರು. ಅದಕ್ಕೂ ಮೌನ. ಅಳಿಯನಾದವನು ಇನ್ನೆಷ್ಟು ಸಹಿಸಬೇಕು? ಬೆಳಿಗ್ಗೆ ದೋಸೆಯ ಮುಂದೆ ಮುಖ ಊದಿಸಿಕೊಂಡು ಕುಳಿತಾಗ ಅಕ್ಕ ವಿಚಾರಿಸಿದಳು. ಭಾವ ಮಾತಾಡಿಸಿದ್ದು ಮಳೆಗೆ ಹೊದೆಯಲೆಂದು ಗೂಟಕ್ಕೆ ತೂಗುಹಾಕಿದ್ದ ಕಂಬಳಿಕೊಪ್ಪೆಯನ್ನು. ಅದರ ನೆತ್ತಿಗೆ ಹಾಳೆಟೊಪ್ಪಿ, ಬುಡದಲ್ಲಿ ಗಂಬೂಟು. ಮಧ್ಯೆ ಇರಬೇಕಾಗಿದ್ದ ಅಪ್ಪಯ್ಯ ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು.

"ಅಲ್ಲ, ನೇರವಾಗಿ ನೋಡಿದರೆ ಕರಗಿಹೋಗುತ್ತಿದ್ದರು, ಮುಖ ತಿರುಗಿಸಿದರೆ ಮತ್ತೆ ಅಲ್ಲೇ ನಿಂತಿರುತ್ತಿದ್ದರು," ಎಂದು ಭಾವ ಪಟ್ಟು ಬಿಡಲಿಲ್ಲ. ಭೂತವೇ ಇರಬೇಕೆಂದು ಅಜ್ಜಿ ಹರಕೆ ಹೊರಲು ಸಿದ್ಧಳಾದಳು. ಆದರೆ ಭಾವ ಹೇಳಿದ್ದು ಅಕ್ಷರಶಃ ನಿಜ. ನಮ್ಮ ಒಂದೊಂದು ಕಣ್ಣಿನ ಪರದೆಯಲ್ಲೂ ಮಬ್ಬಿನಲ್ಲಿ ಕೆಲಸ ಮಾಡುವ ಕಡ್ಡಿಯಾಕಾರದ ಕೋಶಗಳು ಸುಮಾರು 12 ಕೋಟಿ ಇವೆ. ಬಣ್ಣ ಮತ್ತು ಸೂಕ್ಷ್ಮ ವಿವರ ಹಿಡಿಯುವ ಶಂಕುವಿನಾಕಾರದವು ಸುಮಾರು 60 ಲಕ್ಷ. ಪರದೆಯ ನಟ್ಟನಡುವೆ ಇರುವುದು ಈ ಎರಡನೆಯ ಜಾತಿ ಮಾತ್ರ, ಅವಕ್ಕೆ ಕತ್ತಲಲ್ಲಿ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಮಸುಕಾದ ವಸ್ತುವನ್ನು ದಿಟ್ಟಿಸಿದರೆ ಮಾಯ, ಓರೆಗಣ್ಣಿನಿಂದ ನೋಡಿದರೆ ಪ್ರತ್ಯಕ್ಷ. ವೈದ್ಯರು ಆರಕ್ಕೆ ಆರು ಕೊಟ್ಟದ್ದು ಹಗಲಿನ ಕಣ್ಣಿಗೆ.

ಉಳಿದದ್ದೆಲ್ಲ ಮಿದುಳಿನ ಕೈಚಳಕ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಹೇಳಿದ್ದರು: ನೋಡುವುದೆಂದರೆ ನಮಗೇ ತಿಳಿಯದಂತೆ ಮಿದುಳು ಮಾಡುವ ಊಹೆ. ಟೊಪ್ಪಿ, ಹೆಗಲು, ಕಾಲು ಸಿಕ್ಕರೆ ಸಾಕು, ನಡುವಿನ ಮಾವನನ್ನು ಅದೇ ತುಂಬಿಕೊಳ್ಳುತ್ತದೆ. ಸಿಟ್ಟಾದ ಮಾವನನ್ನೇ ಏಕೆ ತುಂಬಿತು ಎಂಬುದು ಮಾತ್ರ ಭಾವನ ಖಾಸಗಿ ವಿಚಾರ, ನಾನು ಕೆದಕಲಿಲ್ಲ.

ಮರುದಿನ ಸಂಜೆ ಒಗ್ಗರಣೆಗೆ ಸಾಸಿವೆ ತೆಗೆದುಕೊಡಲು ಭಾವ ಮೊಬೈಲ್ ಬೆಳಕು ಹಿಡಿದು ಅಡುಗೆಮನೆಗೆ ನುಗ್ಗಿದರು. ಕೊಟ್ಟ ಡಬ್ಬಿಯಿಂದ ಅಮ್ಮ ಒಂದು ಚಿಟಿಕೆ ತೆಗೆದು, ಒಲೆಯ ಕಡೆಗೇ ನೋಡುತ್ತಾ ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಉರುಳಿಸಿದಳು. "ರಾಗಿ," ಎಂದು ಡಬ್ಬಿ ವಾಪಸು ಕೊಟ್ಟಳು. ಸಾಸಿವೆ ನುಣ್ಣಗೆ ಜಾರುತ್ತದೆ, ರಾಗಿ ತುಸು ತರಿ. ಬೆರಳ ತುದಿಯಲ್ಲಿ ಸ್ಪರ್ಶದ ನರತುದಿಗಳು ಕಿಕ್ಕಿರಿದಿರುತ್ತವೆ. ಮಿದುಳು ಕೂಡ ಇಡೀ ಬೆನ್ನಿಗಿಂತ ಹೆಚ್ಚು ಜಾಗವನ್ನು ಬೆರಳುಗಳಿಗೇ ಬಿಟ್ಟುಕೊಟ್ಟಿದೆ. ಅಮ್ಮನ ಮಟ್ಟಿಗೆ ಕರೆಂಟು ಗಂಡಸರ ಅನುಕೂಲಕ್ಕಾಗಿ ಇರುವ ವಸ್ತು.

ಹೊರಡುವ ದಿನ ತೋಟ ನೋಡಲು ಹೋದ ಭಾವನಿಗೆ ಉಂಬಳ, ಅಂದರೆ ಜಿಗಣೆ, ಹತ್ತಿತು. ಅದು ಕಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ, ಕಾಲುಚೀಲ ಕೆಂಪಾದ ಮೇಲೆಯೇ ತಿಳಿದದ್ದು. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಉಪ್ಪು ಹಾಕಿ ಬಿಡಿಸಿದೆವು. ಇದ್ದ ಉಂಬಳ ತಿಳಿಯದ ಕಾಲಿಗೆ ಆಮೇಲೆ ಇಲ್ಲದ ಉಂಬಳಗಳೆಲ್ಲ ತಿಳಿಯತೊಡಗಿದವು. ಶಿವಮೊಗ್ಗದ ಬಸ್ಸಿನಲ್ಲಿ ಭಾವ ಗಳಿಗೆಗೊಮ್ಮೆ ಪ್ಯಾಂಟು ಮೇಲೆತ್ತಿ ನೋಡಿಕೊಳ್ಳುತ್ತಿದ್ದುದನ್ನು ಕಂಡು ಪಕ್ಕದವರಿಗೂ ಕಾಲು ತುರಿಸಿತಂತೆ. ಮಂಡಗದ್ದೆ ದಾಟುವಷ್ಟರಲ್ಲಿ ಕಂಡಕ್ಟರೂ ಟಿಕೆಟ್ ಯಂತ್ರವನ್ನು ಕಂಕುಳಿಗೆ ಸಿಕ್ಕಿಸಿ ತಮ್ಮ ಪ್ಯಾಂಟು ಎತ್ತಿದರು ಎಂದು ಅಕ್ಕ ಫೋನಿನಲ್ಲಿ ಹೇಳಿದಳು.