ಸತ್ಯಾಂಶ: ಕಡಲೆಬೀಜ ತಿಂದರೆ ಕೊಲೆಸ್ಟ್ರಾಲ್ ಏರುತ್ತಾ?

"ಕಡಲೆಬೀಜದಲ್ಲಿ ಕೊಲೆಸ್ಟ್ರಾಲ್ ತುಂಬಿದೆ, ಅದರ ಬದಲು ಬ್ರೌನ್ ಬ್ರೆಡ್ ತಿನ್ನಿ" ಅನ್ನುವ ಮೆಸೇಜ್ ನಿಮಗೂ ಬಂದಿರಬಹುದು. ಇದು ತಪ್ಪು. ಕೊಲೆಸ್ಟ್ರಾಲ್ ಇರುವುದು ಮಾಂಸ, ಮೊಟ್ಟೆ, ತುಪ್ಪದಂಥ ಪ್ರಾಣಿಮೂಲದ ಆಹಾರದಲ್ಲಿ. ಕಡಲೆಬೀಜ, ಬಾದಾಮಿಯಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೊಬ್ಬು ಜಾಸ್ತಿ ಇದೆ ನಿಜ, 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 49 ಗ್ರಾಂ, ಆದರೆ ಅದರಲ್ಲಿ ಹೆಚ್ಚಿನದು ಅಪರ್ಯಾಪ್ತ ಕೊಬ್ಬು (ಅನ್‌ಸ್ಯಾಚುರೇಟೆಡ್ ಫ್ಯಾಟ್, ಅಂದರೆ ಬೆಣ್ಣೆಯಂತೆ ಗಟ್ಟಿಯಾಗದೆ ಎಣ್ಣೆಯಂತೆ ಇರುವ ಕೊಬ್ಬು), ಬೆಣ್ಣೆಯಂಥ ಕೊಬ್ಬಿನ ಜಾಗದಲ್ಲಿ ಇದನ್ನು ತಿಂದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ. ಜೊತೆಗೆ ಸುಮಾರು 25 ಗ್ರಾಂ ಪ್ರೋಟೀನ್ ಬೇರೆ.

ಇನ್ನು ಬ್ರೌನ್ ಬ್ರೆಡ್. ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೊದಲು ಬರೆದಿರುವುದು ಮೈದಾನೇ, ಬಣ್ಣ ಕ್ಯಾರಮೆಲ್‌ನದು. ಸುಮ್ನೆ ಬಣ್ಣ ನೋಡಿ ಕೊಳ್ಳಬೇಡಿ, ಹಿಂದೆ ತಿರುಗಿಸಿ ಓದಿ. ಇಡೀ ಗೋಧಿ ಹಿಟ್ಟು ಮೊದಲಿದ್ದರೆ ಆ ಬ್ರೆಡ್ ಒಳ್ಳೆಯದೇ. ಕಡಲೆಬೀಜ ದಿನಕ್ಕೊಂದು ಹಿಡಿ ಸಾಕು, 30 ಗ್ರಾಂನಲ್ಲೇ ಸುಮಾರು 170 ಕ್ಯಾಲೊರಿ ಇದೆ. ಅಲರ್ಜಿ ಇರುವವರು ಮಾತ್ರ ಮುಟ್ಟಲೇಬಾರದು.