ತುಂಗಭದ್ರೆಯ ಹಿನ್ನೀರು ಸುತ್ತುವುದಾದರೆ ನೀರು ಎಡಗಡೆ ಇರಲಿ

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ ಕಡೆಯ ಮಂದಿಗೆ ಟಿ.ಬಿ. ಡ್ಯಾಂ, ಅಂದರೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು, ಹಂಪಿಯಿಂದ ವಾಪಸ್ ಬರುವಾಗ ಅರ್ಧ ತಾಸು ನಿಲ್ಲುವ ಜಾಗ. ಗೇಟು ತೆಗೆದಿದ್ದರೆ ನೊರೆಯ ಮುಂದೆ ಒಂದು ಫೋಟೋ, ಇಲ್ಲದಿದ್ದರೆ ಉದ್ಯಾನದಲ್ಲಿ ಒಂದು ಸುತ್ತು, ಮಿರ್ಚಿ ತಿಂದು ಗಾಡಿ ಹತ್ತಿದರೆ ಮುಗಿಯಿತು. ಆ ಗೋಡೆಯ ಹಿಂದೆ, ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುವ ನೀರಿದೆ. ಅದನ್ನು ಪೂರ್ತಿ ಸುತ್ತಿ ಒಂದೇ ದಿನದಲ್ಲಿ ಮನೆ ಸೇರಬಹುದು ಅನ್ನುವುದು ಬಹಳ ಮಂದಿಯ ತಲೆಗೇ ಬರುವುದಿಲ್ಲ. ಬರದಿರುವುದಕ್ಕೂ ಕಾರಣವಿದೆ. ನಾವು ಓಡಾಡುವ ಗದಗ–ಕೊಪ್ಪಳ–ಹೊಸಪೇಟೆ ಹೆದ್ದಾರಿ ಈ ನೀರಿನಿಂದ ದೂರವೇ ಸಾಗುತ್ತದೆ. ಕೊಪ್ಪಳ ದಾಟಿ ಹಿಟ್ನಾಳದವರೆಗೆ ಬಲಕ್ಕೆ ನೋಡಿದರೆ ಹೊಲ, ಕಾರ್ಖಾನೆ, ಲಾರಿ. ಆ ಹೊಲಗಳ ಆಚೆ ಸಮುದ್ರದಂಥ ನೀರಿದೆ ಎಂಬ ಸುಳಿವೂ ಸಿಗುವುದಿಲ್ಲ.

ದಾರಿ ಹೀಗಿದೆ: ಗದಗ, ಡಂಬಳ, ಮುಂಡರಗಿ, ಕೊರ್ಲಹಳ್ಳಿ ಸೇತುವೆ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ, ಹೊಸಪೇಟೆ, ಕೊಪ್ಪಳ, ಮತ್ತೆ ಗದಗ. ಗದಗಿನಿಂದ ಗದಗಿಗೆ 230–240 ಕಿ.ಮೀ., ಹುಬ್ಬಳ್ಳಿಯಿಂದ ಲೆಕ್ಕ ಹಾಕಿದರೆ 350ರ ಆಸುಪಾಸು. ಲೀಟರಿಗೆ 15 ಕೊಡುವ ಗಾಡಿಗೆ 23–24 ಲೀಟರ್ ಎಣ್ಣೆ. ಬೈಕಿನವರು ಗದಗಿನಲ್ಲಿ ಹಿಂದಿನ ರಾತ್ರಿ ಉಳಿದು ಹೊರಟರೆ ಬೆನ್ನಿಗೆ ಒಳ್ಳೆಯದು.

ಎಲ್ಲರೂ ಇದನ್ನು ತಿರುವುಮುರುವು ಮಾಡುತ್ತಾರೆ: ಮೊದಲು ಕೊಪ್ಪಳ, ಹೊಸಪೇಟೆ, ಆಮೇಲೆ ಹಡಗಲಿ. ಒಳ್ಳೆಯ ರಸ್ತೆ ಮೊದಲು ಮುಗಿಯಲಿ ಎಂಬ ಲೆಕ್ಕ. ಈ ಲೆಕ್ಕ ತಪ್ಪು. ಆ ದಿಕ್ಕಿನಲ್ಲಿ ಹೋದರೆ ನೀರು ಉದ್ದಕ್ಕೂ ನಿಮ್ಮ ಬಲಕ್ಕಿರುತ್ತದೆ. ನಮ್ಮಲ್ಲಿ ಗಾಡಿ ಓಡುವುದು ರಸ್ತೆಯ ಎಡಕ್ಕೆ. ಅಂದರೆ ನೀರು ಕಂಡಲ್ಲೆಲ್ಲ ಎದುರಿನ ಗಾಡಿಗಳನ್ನು ದಾಟಬೇಕು. ಹೊಸಪೇಟೆ–ಮರಿಯಮ್ಮನಹಳ್ಳಿ ನಡುವೆ ರಸ್ತೆ ವಿಭಜಕ ಇರುವ ಚತುಷ್ಪಥ, ಅಲ್ಲಿ ದಾಟಲೂ ಆಗುವುದಿಲ್ಲ, ನೀರು ಆ ಬದಿಗೆ, ನೀವು ಈ ಬದಿಗೆ. ಗದಗಿನಿಂದ ಮುಂಡರಗಿ ಹಿಡಿದು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿದರೆ ನೀರು ಎಡಕ್ಕೆ ಬರುತ್ತದೆ. ಎರಡನೆಯ ಲಾಭ ಬಿಸಿಲಿನದು. ಮಧ್ಯಾಹ್ನದ ಮೇಲೆ ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ಹೊರಟವರು ಪಶ್ಚಿಮಕ್ಕೆ, ಕಣ್ಣಿಗೆ ನೇರ ಹೊಡೆಯುವ ಸೂರ್ಯನಿಗೆ ಮುಖ ಕೊಟ್ಟು, ಎದುರು ಬಸ್ಸು ಬರುವ ರಸ್ತೆಯಲ್ಲಿ ಓಡಿಸಬೇಕು. ನಮ್ಮ ದಿಕ್ಕಿನಲ್ಲಿ ಅದೇ ಸೂರ್ಯ ಬೆನ್ನಿಗಿರುತ್ತಾನೆ, ಸಂಜೆ ಮರಿಯಮ್ಮನಹಳ್ಳಿ ದಾಟುವಾಗ ಎಡಗಡೆ ನೀರಿನ ಮೇಲೆ ಇಳಿಯುತ್ತಾನೆ. ಬೆಳಗಿನ ಒಂದೂವರೆ ತಾಸು ಮಾತ್ರ ಯಾವ ಕಡೆಯಿಂದ ಹೊರಟರೂ ಬಿಸಿಲು ಮುಖಕ್ಕೇ. ಹಿಂದಿನ ರಾತ್ರಿ ಮುಂದಿನ ಗಾಜನ್ನು ಒಳಗಿನಿಂದ ಒರೆಸಿಟ್ಟುಕೊಳ್ಳಿ. ಒಳಬದಿಯ ಮಂಕು ಪೊರೆ ಹಗಲೆಲ್ಲ ಕಾಣುವುದಿಲ್ಲ, ಸೂರ್ಯ ಎದುರಾದ ಕೂಡಲೇ ಗಾಜು ಬೆಳ್ಳಗಾಗಿಬಿಡುತ್ತದೆ.

ಯಾವಾಗ ಹೋಗಬೇಕು ಅನ್ನುವುದು ಕ್ಯಾಲೆಂಡರ್ ನೋಡಿ ಹೇಳುವ ಮಾತಲ್ಲ, ನೀರಿನ ಮಟ್ಟ ನೋಡಿ ಹೇಳುವ ಮಾತು. ಜಲಾಶಯದ ಗರಿಷ್ಠ ಮಟ್ಟ 1633 ಅಡಿ. ಮಲೆನಾಡಿನ ಮಳೆಗೆ ಜುಲೈ–ಆಗಸ್ಟ್‌ನಲ್ಲಿ ತುಂಬುತ್ತದೆ, ಆಮೇಲೆ ಕಾಲುವೆಗಳು ಎಳೆದಂತೆ ಇಳಿಯುತ್ತದೆ. ನೆಲ ಇಲ್ಲಿ ಬಹಳ ಸಪಾಟು, ಅದಕ್ಕೇ ಮಟ್ಟ ಹತ್ತು-ಹದಿನೈದು ಅಡಿ ಇಳಿದರೂ ಅಂಚು ಎಷ್ಟೋ ದೂರ ಹಿಂದೆ ಸರಿಯುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಕೆರೆಯ ಅಂಗಳದಲ್ಲಿ ಕುರಿ ಮೇಯುವುದು ಕಾಣುತ್ತದೆ, ನೀರು ದೂರದಲ್ಲಿ ಗೆರೆಯಾಗಿರುತ್ತದೆ. ಅಕ್ಟೋಬರ್‌ನಿಂದ ಜನವರಿ ನಡುವೆ ಸರಿಯಾದ ಕಾಲ: ನೀರೂ ಇರುತ್ತದೆ, ಆಕಾಶವೂ ತಿಳಿ.

ಆದರೆ ಇತ್ತೀಚಿನ ವರ್ಷಗಳಲ್ಲಿ ತಿಂಗಳನ್ನು ನಂಬಿ ಹೊರಡುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಆ ಜಾಗಕ್ಕೆ ಸ್ಟಾಪ್‌ಲಾಗ್ (ತಾತ್ಕಾಲಿಕ ಉಕ್ಕಿನ ತಡೆ) ಕೂಡಿಸಿದ ಮೇಲೆ ಬಂದ ಮಳೆ ಮತ್ತೆ ತುಂಬಿಸಿತು. 1953ರ ಅಣೆಕಟ್ಟಿನ ಗೇಟುಗಳು ಸವೆದಿವೆ ಎಂದು 2025ರಲ್ಲಿ 80 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಸುತ್ತಮುತ್ತಲೇ ಸಂಗ್ರಹ ನಿಲ್ಲಿಸಿದರು. ಮೊದಲು 133 ಟಿಎಂಸಿ ಹತ್ತಿರ ಇದ್ದ ಸಾಮರ್ಥ್ಯ ಹೂಳಿನಿಂದ 105ರ ಆಸುಪಾಸಿಗೆ ಇಳಿದಿರುವುದು ಬೇರೆ. ಹಾಗಾಗಿ ಹೊರಡುವ ಮುನ್ನ ಪತ್ರಿಕೆಯ ‘ಜಲಾಶಯದ ಮಟ್ಟ’ ಕಾಲಂ ಅಥವಾ ತುಂಗಭದ್ರಾ ಮಂಡಳಿಯ ದಿನದ ಅಂಕಿ ನೋಡಿ, ಅಡಿಯ ಲೆಕ್ಕವನ್ನೇ ನೋಡಿ. ಟಿಎಂಸಿ ರೈತರಿಗೆ ಬೇಕು, ದಡದಲ್ಲಿ ನಿಲ್ಲುವವರಿಗೆ ಅಡಿ ಸಾಕು.

ಹುಬ್ಬಳ್ಳಿ 6ಕ್ಕೆ ಬಿಟ್ಟರೆ ಏಳೂಕಾಲಿಗೆ ಗದಗ, ಅಲ್ಲೇ ನಾಷ್ಟಾ. ಮುಂಡರಗಿ ರಸ್ತೆಯಲ್ಲಿ ಬಲಕ್ಕೆ ಕಪ್ಪತಗುಡ್ಡದ ಸಾಲು, ಮೇಲೆ ಗಾಳಿಗಿರಣಿ. ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಬಿಡಬೇಡಿ. ನಕ್ಷತ್ರದಾಕಾರದ ತಳವಿನ್ಯಾಸ, ಗೋಡೆ ಮೂಲೆಮೂಲೆಯಾಗಿ ಮುರಿಯುತ್ತ ಹೋಗುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದೊಂದು ಮೂಲೆಯ ನೆರಳು ಬೇರೆಬೇರೆ ಬೀಳುವುದರಿಂದ ಇದಕ್ಕೆ ಬೆಳಗ್ಗೆಯೇ ಹೊತ್ತು. ಊರಿನ ಕೆರೆಯೂ ದೊಡ್ಡದೇ. ಇಪ್ಪತ್ತು ನಿಮಿಷ ಸಾಕು, ಮುಂದೆ ಹಾದಿ ಬಹಳ ಇದೆ.

ಮುಂಡರಗಿ ದಾಟಿ ಕೊರ್ಲಹಳ್ಳಿ–ಮದಲಗಟ್ಟಿ ಸೇತುವೆಯ ಮೇಲೆ ತುಂಗಭದ್ರೆ ಸಿಗುತ್ತಾಳೆ. ಇಲ್ಲಿ ಕಾಣುವುದು ಹೊಳೆ, ಜಲಾಶಯವಲ್ಲ. ಸೇತುವೆಯ ಮೇಲೆ ಗಾಡಿ ನಿಲ್ಲಿಸದೆ ದಾಟಿ ಮದಲಗಟ್ಟಿ ಆಂಜನೇಯನ ಗುಡಿಯ ಕಡೆ ನಿಲ್ಲಿಸಿ. ಭರತ ಹುಣ್ಣಿಮೆಯ ಆಸುಪಾಸು ಮೈಲಾರದ ಕಾರ್ಣಿಕಕ್ಕೆ (ಮೈಲಾರಲಿಂಗನ ಜಾತ್ರೆಯ ಭವಿಷ್ಯವಾಣಿ) ಹೊರಟ ಎತ್ತಿನ ಗಾಡಿ, ಟ್ರ್ಯಾಕ್ಟರ್, ಬಸ್ಸುಗಳಿಂದ ಹಡಗಲಿ ತಾಲೂಕಿನ ರಸ್ತೆಗಳು ಕಟ್ಟಿಹೋಗುತ್ತವೆ. ಜಾತ್ರೆಗೇ ಹೋಗುವವರಿಗೆ ಅದು ಸೈ, ನೀರು ನೋಡುವವರು ಆ ವಾರ ಬಿಟ್ಟುಬಿಡಿ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆ ಇದೆ, ಆದರೆ ಚಳಿಗಾಲ ಅದರ ಸುಗ್ಗಿಯಲ್ಲ. ಸಿಗಲಿಲ್ಲವೆಂದು ಬೇಜಾರಾಗಬೇಡಿ.

ಹಡಗಲಿಯಿಂದ ಹಗರಿಬೊಮ್ಮನಹಳ್ಳಿಯ ಹಾದಿಯಲ್ಲಿ ನವೆಂಬರ್–ಡಿಸೆಂಬರ್‌ನಲ್ಲಿ ಎರಡು ಅಪಾಯ. ಒಂದು, ಅರ್ಧ ರಸ್ತೆಗೆ ಒಣಹಾಕಿದ ಮೆಕ್ಕೆಜೋಳ, ಅದರ ಅಂಚಿಗೆ ಇಟ್ಟ ಕಲ್ಲುಗಳು. ಹಗಲು ಕಾಣುತ್ತವೆ, ಮುಸ್ಸಂಜೆ ಕಾಣುವುದಿಲ್ಲ. ಇನ್ನೊಂದು ಒಕ್ಕಣೆ. ಹುರುಳಿಯಂಥ ಬಳ್ಳಿಯ ಬೆಳೆಯನ್ನು ಗಾಡಿಗಳು ತುಳಿಯಲಿ ಎಂದು ರಸ್ತೆಗೆ ಹಾಸಿರುತ್ತಾರೆ. ಅದರ ಮೇಲೆ ಹಾಯ್ದರೆ ಬಳ್ಳಿ ಚಕ್ರದ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರ್‌ಗೆ ತಾಗಿ ಹೊಗೆಯಾಡುತ್ತದೆ. ಕಾರುಗಳು ಸುಟ್ಟುಹೋದದ್ದೂ ಉಂಟು. ಬದಿಯಲ್ಲಿ ಜಾಗವಿದ್ದರೆ ಬದಿಯಿಂದ ಹೋಗಿ. ಹಾಯಲೇಬೇಕಾದರೆ ಮುಂದೆ ನೂರು ಮೀಟರಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ನೋಡಿ, ಸಿಕ್ಕಿದ್ದನ್ನು ಕೋಲಿನಿಂದ ಎಳೆದು ತೆಗೆಯಿರಿ. ಸೈಲೆನ್ಸರ್ ಕಾದಿರುತ್ತದೆ, ಬರಿಗೈ ಹಾಕಬೇಡಿ. ಸುಟ್ಟ ವಾಸನೆ ಬಂದರೂ ಗ್ಲಾಸ್ ಏರಿಸಿಕೊಂಡು ಓಡಿಸುವವರಿದ್ದಾರೆ, ಅವರಿಗೆ ಏನು ಹೇಳುವುದು.

ಊಟ ಹಗರಿಬೊಮ್ಮನಹಳ್ಳಿಯಲ್ಲಿ, ಖಾನಾವಳಿಯ ರೊಟ್ಟಿ. ಹೆಂಗಸರು ಜೊತೆಗಿದ್ದರೆ ಶೌಚಾಲಯದ ವಿಚಾರವನ್ನೂ ಇಲ್ಲೇ ಮುಗಿಸಿ. ಮುಂಡರಗಿಯಿಂದ ಇಲ್ಲಿಯವರೆಗೆ ದೊಡ್ಡ ಪೆಟ್ರೋಲ್ ಬಂಕು, ಬಸ್‌ನಿಲ್ದಾಣ ಬಿಟ್ಟರೆ ಭರವಸೆಯ ಜಾಗ ಕಡಿಮೆ. ಮೂರು ಜಿಲ್ಲೆ ಸೇರಿ ಇದೊಂದನ್ನು ಸರಿಪಡಿಸಿದರೆ ಪ್ರವಾಸೋದ್ಯಮದ ಅರ್ಧ ಫಲಕಗಳು ಬೇಕಾಗಿಲ್ಲ.

ಅಂಕಸಮುದ್ರ ಇದೇ ತಾಲೂಕಿನಲ್ಲಿದೆ. ಸುಮಾರು 98 ಹೆಕ್ಟೇರಿನ ಕೆರೆ, ನೀರಿನೊಳಗೇ ನಿಂತ ಕರಿಜಾಲಿ ಮರಗಳು, ಅವುಗಳ ಮೇಲೆ ಬಣ್ಣದ ಕೊಕ್ಕರೆ, ನೀರುಕಾಗೆಗಳ ಗೂಡು. 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅದೇ ಹೊತ್ತಿಗೆ ಸೇರಿತು. ಪೂರ್ತಿ ದಿನ ಸಿಗದವರು ಮಾಗಡಿಗಷ್ಟೇ ಹೋಗಿಬನ್ನಿ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಕಾಣುತ್ತವೆ. ಎರಡೂ ಕಡೆ ಹಾರ್ನ್, ಡ್ರೋನ್ ಬೇಡ. ಹಿಂಡು ಒಮ್ಮೆ ಎದ್ದರೆ ಕೂತುಕೊಳ್ಳುವವರೆಗೆ ನೀವು ಕಾಯುವಿರಿ, ಕೂತುಕೊಂಡೀತೆಂದು ಹೇಳಲಾಗದು.

ತಂಬ್ರಹಳ್ಳಿ, ಹಂಪಸಾಗರ ಕಡೆಯ ಒಳರಸ್ತೆಗಳು ಹಿನ್ನೀರಿನತ್ತ ಇಳಿಯುತ್ತವೆ. ಗಾಡಿಗಳು ಹೂತುಹೋಗುವುದು ಇಂಥ ಅಂಚಿನಲ್ಲೇ. ನೀರು ಸರಿದ ಜಾಗದ ಎರಿ (ಕಪ್ಪು) ಮಣ್ಣು ಮೇಲೆ ಬಿರುಕುಬಿಟ್ಟು ಒಣಗಿ ಕಾಂಕ್ರೀಟಿನಂತೆ ಕಾಣುತ್ತದೆ, ನಡೆದರೆ ಕಾಲು ಇಳಿಯುವುದಿಲ್ಲ. ಆ ಹೆಪ್ಪಳಿಕೆ ನಾಲ್ಕಾರು ಇಂಚು ಮಾತ್ರ, ಕೆಳಗೆ ಹಸಿ ಜಿಗುಟು. ಟನ್ ತೂಕದ ಕಾರು ಏರಿದ ಕೂಡಲೇ ಒಡೆಯುತ್ತದೆ. ಮೊದಲು ಇಳಿದು ಒಂದು ಕೋಲನ್ನು ನೆಲಕ್ಕೆ ಒತ್ತಿ ನೋಡಿ, ತುದಿಗೆ ಹಸಿ ಮಣ್ಣು ಅಂಟಿ ಬಂದರೆ ಗಾಡಿ ಡಾಂಬರಿನ ಮೇಲೇ ಇರಲಿ.

ಸಿಕ್ಕಿಬಿದ್ದರೆ ಆಕ್ಸಿಲರೇಟರ್ ತುಳಿಯಬೇಡಿ. ಚಕ್ರ ತಿರುಗಿದಷ್ಟೂ ಟೈರಿನ ಗೀರುಗಳಲ್ಲಿ ಎರಿ ತುಂಬಿ ಟೈರು ನುಣ್ಣಗಾಗುತ್ತದೆ, ಗುಂಡಿ ಆಳವಾಗುತ್ತದೆ. ಎಲ್ಲರನ್ನೂ ಇಳಿಸಿ, ಗೀರುಗಳ ಮಣ್ಣು ಕೆತ್ತಿ, 32 ಪಿಎಸ್‌ಐ ಇರುವ ಟೈರಿನ ಗಾಳಿಯನ್ನು 18–20ಕ್ಕೆ ಇಳಿಸಿ, ಕಾಲಡಿಯ ಮ್ಯಾಟುಗಳನ್ನು ಎಂಜಿನ್ ಎಳೆಯುವ ಚಕ್ರಕ್ಕೆ ಒತ್ತಿ ಇಟ್ಟು, ಬಂದ ಜಾಡಿನಲ್ಲೇ ನಿಧಾನಕ್ಕೆ ಹಿಂದಕ್ಕೆ ತೆಗೆಯಿರಿ. ಮುಂದೆ ಹೋಗಿ ತಿರುಗಿಸಿಕೊಳ್ಳುವ ಆಸೆ ಬೇಡ. ಟ್ರ್ಯಾಕ್ಟರ್ ಕರೆಯಬೇಕಾದರೆ ಹಗ್ಗವನ್ನು ಬಂಪರಿಗೋ ಸಸ್ಪೆನ್ಷನ್ನಿಗೋ ಕಟ್ಟಲು ಬಿಡಬೇಡಿ. ಡಿಕ್ಕಿಯಲ್ಲಿ ಜಾಕ್ ಜೊತೆ ಒಂದು ದಪ್ಪ ಕಬ್ಬಿಣದ ಕೊಂಡಿ ಇರುತ್ತದೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಕೂಡಿಸಬೇಕು. ಕೆಲವು ಗಾಡಿಗಳಲ್ಲಿ ಎಡಸುತ್ತಿನ ತಿರುಪು, ಬಲಕ್ಕೆ ತಿರುಗಿಸಿ ‘ಕೂಡವಲ್ದು’ ಎಂದು ಬಿಟ್ಟುಬಿಡುತ್ತಾರೆ. ಹೊರಬಂದ ಮೇಲೆ ಗಾಳಿ ತುಂಬಿಸಿಕೊಳ್ಳಿ, ರಿಮ್ಮಿನ ಒಳಬದಿಯ ಮಣ್ಣನ್ನು ಪೂರ್ತಿ ಕೆರೆದು ತೆಗೆಯಿರಿ. ಅದು ಒಂದೇ ಬದಿಗೆ ಒಣಗಿ ಅಂಟಿಕೊಂಡರೆ ಹೆದ್ದಾರಿಯಲ್ಲಿ 80ಕ್ಕೆ ಸ್ಟೇರಿಂಗ್ ನಡುಗುತ್ತದೆ, ಅಲೈನ್‌ಮೆಂಟ್ ಹೋಯಿತೆಂದು ಗ್ಯಾರೇಜಿಗೆ ದುಡ್ಡು ಕೊಟ್ಟು ಬರುತ್ತೀರಿ.

ಸಂಜೆ ನಾಲ್ಕೂವರೆ ಹೊತ್ತಿಗೆ ಮರಿಯಮ್ಮನಹಳ್ಳಿಯಲ್ಲಿ ಇರಬೇಕು. ಜಲಾಶಯ ನುಂಗಿದ ನಾರಾಯಣದೇವರಕೆರೆಯ ಮಂದಿ ಬಂದು ನೆಲೆಸಿದ ಊರಿದು. ನಾಟಕದ ಊರು, 2021ರಲ್ಲಿ ಪದ್ಮಶ್ರೀ ಪಡೆದ ಜನಪದ ಕಲಾವಿದೆ ಮಂಜಮ್ಮ ಜೋಗತಿ ಅವರ ಊರು. ಇಲ್ಲಿ ಎಡಕ್ಕೆ ತಿರುಗಿ ಹೊಸಪೇಟೆ ಹೆದ್ದಾರಿ ಸೇರಿದರೆ ಇಡೀ ಸುತ್ತಿನಲ್ಲಿ ನೀರು ಅತಿ ಹತ್ತಿರ ಬರುವ ಭಾಗ. ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು 5.50ರ ಸುಮಾರಿಗೆ, ಆದ್ದರಿಂದ ಐದಕ್ಕೇ ಜಾಗ ಹಿಡಿಯಿರಿ. ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ. ಇದು ಅದಿರು ಲಾರಿಗಳ ದಾರಿ, ಬ್ರೇಕ್ ಹಿಡಿದರೂ ಅವು ನಿಲ್ಲಲು ಹೊತ್ತು ಬೇಕು. ಸರ್ವಿಸ್ ರಸ್ತೆಗೆ ಇಳಿದು ಊರೊಳಗಿನ ದಾರಿಯಿಂದ ದಡಕ್ಕೆ ನಡೆಯಿರಿ. ಗಾಜಿನ ಮೇಲೆ ಕೂತ ಕೆಂಪು ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಮೊದಲು ನೀರು ಸುರಿಯಿರಿ. ಹರಿಗೋಲಿನವರು ಕರೆದರೂ ಲೈಫ್ ಜಾಕೆಟ್ ಇಲ್ಲದೆ ಏರಬೇಡಿ, ಸಂಜೆಯ ಗಾಳಿಗೆ ಈ ನೀರಿನಲ್ಲಿ ಅಲೆ ಏಳುತ್ತದೆ.

ಡ್ಯಾಂ ಅದೇ ದಿನಕ್ಕೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ವೈಕುಂಠ ಅತಿಥಿಗೃಹದ ಗುಡ್ಡದಿಂದ ನೋಡಲು ಬೆಳಕು ಬೇಕು, ಆ ಬೆಳಕನ್ನು ನೀವು ಹಿನ್ನೀರಿನ ದಡದಲ್ಲಿ ಖರ್ಚು ಮಾಡಿರುತ್ತೀರಿ. ಹೊಸಪೇಟೆಯಲ್ಲಿ ಉಳಿಯುವವರು ಮರುದಿನ ಬೆಳಗ್ಗೆ ಡ್ಯಾಂ ನೋಡಿ, ಹುಲಿಗೆಮ್ಮನ ದರ್ಶನ ಮುಗಿಸಿ (ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು), ಗದಗಿನ ಹಾದಿಯಲ್ಲಿ ಕುಕನೂರು ಕಡೆ ಒಳಗೆ ಹೊರಳಿ ಇಟಗಿಯ ಮಹಾದೇವ ಗುಡಿ ನೋಡಿಕೊಂಡು ಬರಬಹುದು. 1112ರ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ.

ಅದೇ ರಾತ್ರಿ ಮರಳುವವರಿಗೆ ಹೊಸಪೇಟೆಯಿಂದ ಹುಬ್ಬಳ್ಳಿ ಎರಡೂವರೆ–ಮೂರು ತಾಸು. ಹಿಟ್ನಾಳ, ನಲವಡಿಯಲ್ಲಿ ಟೋಲ್ ಇದೆ, ಫಾಸ್ಟ್ಯಾಗ್ ಖಾತೆಯಲ್ಲಿ ದುಡ್ಡಿರಲಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಕೆಲವೊಮ್ಮೆ ಬಲಗಡೆಯ ಪಥದಲ್ಲೇ ಬರುತ್ತವೆ. ಆ ನಾಲ್ಕು ತಿಂಗಳು ಕತ್ತಲಾದ ಮೇಲೆ 70 ದಾಟಬೇಡಿ, ಮುಂದೆ ಗಾಡಿ ಇಲ್ಲದಾಗಲೆಲ್ಲ ಹೈಬೀಮ್ ಹಾಕಿ ನೋಡುತ್ತಿರಿ.