ಎಂತಕ್ಕೆ ಮಾರಾಯ್ತಿ?

ಹೊಸನಗರದ ಕಡೆ ಒಂದು ಗೃಹಪ್ರವೇಶ. ನಾಣ್ಯ ಅಂಟಿಸಿದ ಮುಯ್ಯಿ ಕವರು ಅಂಗಡಿಯಲ್ಲಿ ಮುಗಿದಿತ್ತು. ಐನೂರರ ನೋಟಿನ ಜೊತೆಗೆ ಒಂದು ರೂಪಾಯಿ ಸಿಗಬಹುದೇ ಎಂದು ಪರ್ಸಿನ ತಳ ಕೆದಕುತ್ತಿದ್ದವಳ ಬಾಯಿಂದ 'ಪಿತ್ಸೋತ್ ಅದ್ನಾ ರೂಪಿಯಾ' ಎಂದು ಬಂದುಬಿಟ್ಟಿತು. ಐನೂರ ಒಂದು ರೂಪಾಯಿ. ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ನಮ್ಮವರ ಸೋದರತ್ತೆ ಕೈ ನಿಲ್ಲಿಸಿದರು.

"ಎಂತದೇ ಅದು?"

"ರಷ್ಯನ್, ಅತ್ತೆ. ಕಲೀತಾ ಇದೀನಿ."

"ಎಂತಕ್ಕೆ ಮಾರಾಯ್ತಿ?"

ಎರಡೂವರೆ ವರ್ಷದಿಂದ ಈ ಪ್ರಶ್ನೆಗೆ ನಾನು ಕೊಟ್ಟಿರುವ ಉತ್ತರಗಳನ್ನು ಒಟ್ಟು ಹಾಕಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರಿಗೆ 'ಮೆದುಳಿಗೆ ವ್ಯಾಯಾಮ ಸರ್' ಎಂದಿದ್ದೇನೆ. ಎದುರು ಮನೆಯವರಿಗೆ 'ಚೆಕಾಫ್‌ನನ್ನು ಮೂಲದಲ್ಲೇ ಓದಬೇಕು' ಎಂದಿದ್ದೇನೆ, ಅದು ಶುದ್ಧ ಸುಳ್ಳು. ಉಳಿದವರು ಉತ್ತರಕ್ಕೆ ಕಾಯುವುದೇ ಇಲ್ಲ. 'ಮಗನ್ನ ಎಂಬಿಬಿಎಸ್‌ಗೆ ಅಲ್ಲಿಗೆ ಕಳಿಸ್ತೀರಾ?' ಎಂದು ತಾವೇ ತೀರ್ಮಾನಿಸುತ್ತಾರೆ. ನನ್ನ ಮಗ ಬಿಕಾಂ. ನಮ್ಮವರು ಫಲಿತಾಂಶ ಗೊತ್ತಿರುವ ಹಳೆಯ ಕ್ರಿಕೆಟ್ ಮ್ಯಾಚನ್ನು ಮೂರನೇ ಸಲ ನೋಡುತ್ತಾರೆ, ಅವರನ್ನು ಯಾರೂ ಎಂತಕ್ಕೆ ಎಂದು ಕೇಳಿದ್ದು ನಾನು ಕಾಣೆ. ಕೌಂಟರಿನಲ್ಲಿ ದಿನವಿಡೀ ಬೇರೆಯವರ ದುಡ್ಡು ಎಣಿಸುವ ಹೆಂಗಸು ಬೆಳಿಗ್ಗೆ ಕುಕ್ಕರು ಕೂಗುವುದರೊಳಗೆ ಹತ್ತು ಪದ ಬಾಯಿಪಾಠ ಮಾಡಿದರೆ ಮಾತ್ರ ಊರಿಗೆಲ್ಲ ಕಾರಣ ಬೇಕು.

ಹಾಗೆ ನೋಡಿದರೆ ಮುಯ್ಯಿಯ ಮರ್ಮ ನನಗೆ ಬಿಡಿಸಿಕೊಟ್ಟದ್ದೇ ಆ ಭಾಷೆ. ರಷ್ಯನ್ನಿನಲ್ಲಿ ಒಂದು ರೂಪಾಯಿಗೆ ರೂಪಿಯಾ, ಎರಡರಿಂದ ನಾಲ್ಕಕ್ಕೆ ಒಂದು ರೂಪ, ಐದರಿಂದ ಮೇಲೆ ಇನ್ನೊಂದು ರೂಪ. ಇಪ್ಪತ್ತೊಂದು ಬಂದಾಗ ಮತ್ತೆ ಏಕವಚನ! ನೂರ ಒಂದೂ ಅಷ್ಟೇ, ಐನೂರ ಒಂದೂ ಅಷ್ಟೇ. ಅಂದರೆ ನಾವು ಕವರಿಗೆ ಒಂದು ನಾಣ್ಯ ಸೇರಿಸಿದ ಕೂಡಲೇ ಅಷ್ಟೂ ಹಣ ಅವರ ಲೆಕ್ಕದಲ್ಲಿ ಒಂದೇ ರೂಪಾಯಿಯ ಹಾಗೆ ನಡೆದುಕೊಳ್ಳುತ್ತದೆ. ಕೊಡುವ ನನಗಂತೂ ಇದು ಬಹಳ ಸಮಾಧಾನ ತಂದಿದೆ.

ನನ್ನ ನಿಜವಾದ ಸಿಟ್ಟು ಕಲಿಸುವವರ ಮೇಲೆ. ಫೋನಿನ ಆ್ಯಪೂ ಇಂಗ್ಲಿಷಿನಿಂದಲೇ ಕಲಿಸುವುದು, ಪುಸ್ತಕವೂ ಇಂಗ್ಲಿಷಿನದೇ. 'ಮ್ನ್ಯೆ ಖೋಲದ್ನ' ಎಂದರೆ 'ನನಗೆ ಚಳಿ'. ನನಗೆ, ಚಳಿ. ಎರಡು ಪದಕ್ಕೆ ಎರಡು ಪದ. ಇದನ್ನು ಇಂಗ್ಲಿಷಿನವರಿಗೆ ಅರ್ಥ ಮಾಡಿಸಲು ಪುಸ್ತಕ ಒಂದೂವರೆ ಪುಟ ಬೆವರು ಸುರಿಸುತ್ತದೆ. 'ನಾನು ಡಾಕ್ಟರ್' ಎನ್ನಲು ನಡುವೆ ಕ್ರಿಯಾಪದ ಬೇಡ ಎಂದು ಇನ್ನೊಂದು ಪುಟ. ನಮಗೆ ಯಾವಾಗ ಬೇಕಿತ್ತು? ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು 'ಶ'. ಅವರಲ್ಲಿ ಅದು ಎರಡು ಥರ. ಒಂದು ಮೂರು ಕಂಬದ ಅಕ್ಷರ, ಇನ್ನೊಂದು ಅದಕ್ಕೇ ಬಾಲ ಬಂದದ್ದು. ಬಾಲದ ಅಕ್ಷರದ ಉಚ್ಚಾರ ಬರಬೇಕಾದರೆ 'ಫ್ರೆಶ್ ಚೀಸ್' ಎಂದು ಬೇಗಬೇಗ ಹೇಳಿ ಎನ್ನುತ್ತದೆ ಪುಸ್ತಕ. ನಾನು ಹೇಳಿದೆ. ಅಡುಗೆಮನೆಯಲ್ಲಿ ನಿಂತು ಒಂದು ವಾರ ಚೀಸ್ ಚೀಸ್ ಎಂದೆ. ಎಂಟನೇ ದಿನ ನಮ್ಮ ಮೇಷ್ಟ್ರು ನೆನಪಾದರು.

ಪ್ರೈಮರಿ ಶಾಲೆಯ ಕನ್ನಡ ಮೇಷ್ಟ್ರು. ಶಂಖದ ಶಕ್ಕೂ ಹೊಟ್ಟೆ ಸೀಳಿದ ಷಕ್ಕೂ ವ್ಯತ್ಯಾಸ ಮಾಡದವರು ಅವರ ಪಾಲಿಗೆ ಮನುಷ್ಯರಲ್ಲ. ನಮ್ಮ ತರಗತಿಯಲ್ಲಿ ಒಬ್ಬ ಷಣ್ಮುಖನಿದ್ದ, ಪಾಪ, ತನ್ನ ಹೆಸರನ್ನು 'ಶಣ್ಮುಖ' ಎಂದು ಬರೆಯುತ್ತಿದ್ದ. 'ಅಂಥವನು ಯಾರೂ ನನ್ನ ತರಗತಿಯಲ್ಲಿಲ್ಲ' ಎಂದು ಮೇಷ್ಟ್ರು ಒಂದು ವಾರ ಅವನ ಹಾಜರಿ ಕೂಗಲಿಲ್ಲ. ಕೊನೆಗೆ ಅಡಿಕೆ ಮಂಡಿಯಿಂದ ಅವನ ಅಪ್ಪ ಬಂದರು. "ಸಾರ್, ಯಾವುದು ಬರಿಯೋಕೆ ಸುಲಭವೋ ಅದು ಇರಲಿ ಸಾರ್" ಎಂದು ಬೇಡಿಕೊಂಡರು. ಮೇಷ್ಟ್ರು ಬಗ್ಗಲಿಲ್ಲ. "ನಾಲಿಗೆ ಮಡಚೋ! ಇನ್ನೂ ಮಡಚು! ತಾಲುವಿಗೆ ತಾಗಿಸು!" ಊಟದ ಬಿಡುವಿನಲ್ಲೂ ಷಣ್ಮುಖ ಹುಣಸೆ ಮರದ ಕೆಳಗೆ ನಿಂತು ಬುಸುಗುಡುತ್ತಿದ್ದ, ಹಾವು ಬಂತೆಂದು ಒಂದನೇ ಕ್ಲಾಸಿನ ಮಕ್ಕಳು ಓಡುತ್ತಿದ್ದವು. ತಿಂಗಳ ನಂತರ ಶಾಲೆ ತಪಾಸಣೆಗೆ ಸಾಹೇಬರೊಬ್ಬರು ಬಂದರು. ಮೊದಲ ಬೆಂಚಿನ ಷಣ್ಮುಖನನ್ನು ಹೆಸರು ಕೇಳಿದರು. ಅವನು ಕಣ್ಣು ಮುಚ್ಚಿ, ನಾಲಿಗೆ ಮಡಚಿ, ಎಂಜಲು ಸಿಡಿಯುವಂತೆ, ಲಕ್ಷಣವಾಗಿ ಹೇಳಿದ. "ಶಭಾಷ್ ಸಣ್ಮುಖ!" ಎಂದರು ಸಾಹೇಬರು. ಮೇಷ್ಟ್ರು ಕಿಟಕಿಯಾಚೆ ನೋಡುತ್ತ ನಿಂತರು.

ಆ ಮೂರು ಕಂಬದ್ದು ಅವರ ಹೊಟ್ಟೆ ಸೀಳಿದ ಷ. ನಾಲಿಗೆ ಮಡಚಿದರೆ ಬಂತು. ಬಾಲದ್ದು ಶಂಖದ ಶ, ಸ್ವಲ್ಪ ಎಳೆದು ಹೇಳಬೇಕು, ಅಷ್ಟೇ. ಇದಕ್ಕೆ ಚೀಸ್ ಯಾಕೆ ಬೇಕಿತ್ತು?

ಎಂತಕ್ಕೆ ಎಂಬ ಪ್ರಶ್ನೆಗೆ ಒಂದು ಕಾಲದಲ್ಲಿ ಕಾರಣ ಇತ್ತು, ಇಲ್ಲವೆಂದಲ್ಲ. 1985ರಲ್ಲೋ ಏನೋ, ನಾನು ನಾಲ್ಕನೇ ಕ್ಲಾಸು, ಊರಿಗೆ ಪುಸ್ತಕದ ವ್ಯಾನು ಬಂದಿತ್ತು. ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳನ್ನು ಆಗ ನವಕರ್ನಾಟಕದವರು ಮಾರುತ್ತಿದ್ದರು, ದಪ್ಪ ಕಾಗದ, ಬಣ್ಣದ ಚಿತ್ರ, ಅಗ್ಗದ ಬೆಲೆ. ಅಪ್ಪ ಒಂದು ಕತೆ ಪುಸ್ತಕ ಕೊಡಿಸಿದರು. ಇಡೀ ಪುಸ್ತಕ ಕನ್ನಡ. ಕೊನೆಯ ಪುಟದಲ್ಲಿ ಮಾತ್ರ ಸಣ್ಣ ಅಕ್ಷರದ ಕೆಲವು ಸಾಲು, ಓದಲು ಬಾರದ ಲಿಪಿಯಲ್ಲಿ. ಕತೆಯ ನಿಜವಾದ ಮುಕ್ತಾಯ ಅಲ್ಲಿದೆ, ಮಕ್ಕಳಿಗೆ ಹೇಳಬಾರದೆಂದು ಹಾಗೆ ಬರೆದಿದ್ದಾರೆ ಎಂದು ನಂಬಿದ್ದೆ. ಮೂವತ್ತಮೂರು ಅಕ್ಷರ ಕಲಿತ ಎರಡನೇ ವಾರಕ್ಕೇ ಟ್ರಂಕಿನಿಂದ ಆ ಪುಸ್ತಕ ತೆಗೆದು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. 'ನ ಯಜಿಕ್ಯೆ ಕನ್ನಡ.' ಕನ್ನಡ ಭಾಷೆಯಲ್ಲಿ.

ಅಲ್ಲಿಗೆ ಕಾರಣ ತೀರಿತು. ಆಮೇಲೂ ಎರಡೂವರೆ ವರ್ಷ ಯಾಕೆ ಮುಂದುವರಿಸಿದೆ ಎಂಬುದನ್ನು ಅತ್ತೆಗೆ ಹೇಗೆ ಹೇಳಲಿ? ತಡವರಿಸುತ್ತಿದ್ದೆ. ಅವರೇ ಮುಂದುವರಿಸಿದರು.

"ನಮ್ಮ ಮೊಮ್ಮಗನ್ನ ಅಲ್ಲಿಗೆ ಡಾಕ್ಟರಿಕೆ ಓದಕ್ಕೆ ಕಳಿಸೋ ಮಾತಿದೆ. ಅಲ್ಲಿ ಊಟಕ್ಕೆ ಎಂತ ಮಾಡ್ತಾರೆ?"

"ಎಲೆಕೋಸಿನ ಸಾರು ಮಾಡ್ತಾರೆ ಅತ್ತೆ."

"ಬೇಳೆ ಹಾಕ್ತಾರಾ?"

"ಇಲ್ಲ."

"ಎಂತ ಅಂತಾರೆ ಅದಕ್ಕೆ?"

ಬಾಲದ ಶ. ನಾಲಿಗೆ ಸರಿಯಾದ ಜಾಗದಲ್ಲಿಟ್ಟು, ಎಳೆದು, ಜನ್ಮದಲ್ಲಿ ಮೊದಲ ಸಲ ಒಂದಿಷ್ಟೂ ಕೊಂಕಿಲ್ಲದೆ ಹೇಳಿದೆ: "ಶ್ಶೀ."

ಅತ್ತೆ ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡರು.

"ಬೇಳೆ ಹಾಕದೇ ಇದ್ರೆ ಮತ್ತಿನ್ನೆಂತ ಅಂತಾರೆ."